ದುಬಾರಿ ಫಿಲಂ ಕ್ಯಾಮೆರಾ ಹೇಗಿರಬೇಕು? ರಿಪೇರಿ ಮೇಜಿನಿಂದ ಒಂದು ಉತ್ತರ

ಫಿಲಂ ಕ್ಯಾಮೆರಾ ರಿಪೇರಿ ನನ್ನ ಕೆಲಸ. ವರ್ಷಗಟ್ಟಲೆ ಫಿಲಂ ಬಿಡದ ಗಿರಾಕಿಗಳು ಟೀ ಕುಡಿಯುತ್ತಾ ಕೂತರೆ ಮಾತು ಒಂದೇ ಕಡೆ ಹೊರಳುತ್ತದೆ: "ದುಡ್ಡು ಎಷ್ಟಾದರೂ ಆಗಲಿ, ಯಾರಾದರೂ ಹೊಸದೊಂದು ಮಾಡಿದರೆ ಹೇಗಿರಬೇಕು ಹೇಳಿ." ಅವರ ಪಟ್ಟಿಯಲ್ಲಿ ಟೈಟಾನಿಯಂ ಬಾಡಿ, ಆಟೋಫೋಕಸ್ ಎಲ್ಲ ಇರುತ್ತವೆ. ನನ್ನ ಪಟ್ಟಿ ಬೇರೆ. ಯಾಕೆಂದರೆ ನಾನು ಕ್ಯಾಮೆರಾ ನೋಡುವುದು ಬಿಚ್ಚಿದ ಮೇಲೆ.

ಹಳೇ ಕ್ಯಾಮೆರಾದಲ್ಲಿ ಎಷ್ಟೋ ಸಲ ಮೊದಲು ಕೈಕೊಡುವುದು ಶಟರ್ (ಫಿಲಂಗೆ ಬೆಳಕು ಬಿಡುವ ಪರದೆ) ಅಲ್ಲ, ಬೆಳಕು ತಡೆಯಲು, ಮೆತ್ತೆಯಾಗಿ ಒಳಗೆ ಅಂಟಿಸುವ ಸ್ಪಂಜಿನಂಥ ಫೋಮ್. 1970ರ ದಶಕದ ಒಲಿಂಪಸ್ ಓಎಂ-1 ಎಷ್ಟು ಚೆಂದದ ಕ್ಯಾಮೆರಾ ಅಲ್ವಾ? ಅದರ ಈ ಕಾಯಿಲೆ ರಿಪೇರಿಯವರಿಗೆಲ್ಲ ಗೊತ್ತು. ಮೇಲಿನ ಮುಚ್ಚಳ ತೆಗೆದರೆ ಪ್ರಿಸಂ (ವ್ಯೂಫೈಂಡರಿಗೆ ದೃಶ್ಯ ತಲುಪಿಸುವ ಗಾಜು) ಹತ್ತಿರದ ಫೋಮ್ ಕರಗಿ ಕಪ್ಪು ಅಂಟಾಗಿರುತ್ತದೆ. ಆ ಅಂಟು ಪ್ರಿಸಂನ ಬೆಳ್ಳಿ ಲೇಪವನ್ನೇ ತಿಂದಿರುತ್ತದೆ. ವ್ಯೂಫೈಂಡರಿಗೆ ಕಣ್ಣಿಟ್ಟರೆ ಕಲೆ. ಫೋಮ್ ಬದಲಾಯಿಸುವುದು ಸುಲಭ, ಹೋದ ಬೆಳ್ಳಿ ವಾಪಸ್ ಬರಲ್ಲ. ಕೆಟ್ಟು ನಿಂತ ಇನ್ನೊಂದು ಓಎಂ-1 ಹುಡುಕಿ ಅದರ ಪ್ರಿಸಂ ತೆಗೆದು ಹಾಕಬೇಕು. ನಾಲ್ಕಾಣೆ ಫೋಮಿಗೆ ಇಡೀ ಪ್ರಿಸಂ ಬಲಿ!

ಎರಡನೆಯದು ಸೆಲ್. ಆ ಕಾಲದ ಬೆಳಕು ಅಳೆಯುವ ಮೀಟರ್‌ಗಳು ಎಷ್ಟೋ 1.35 ವೋಲ್ಟಿನ ಪಾದರಸದ ಸೆಲ್ ನಂಬಿ ಮಾಡಿದವು. ಅದು ಈಗ ಮಾರುಕಟ್ಟೆಯಲ್ಲಿಲ್ಲ. ಸುಮ್ನೆ 1.5 ವೋಲ್ಟಿನ ಅಲ್ಕಲೈನ್ ಹಾಕಿದರೆ ಮೀಟರ್ ಬೆಳಕು ಜಾಸ್ತಿ ಇದೆ ಅಂದುಕೊಳ್ಳುತ್ತದೆ, ಫೋಟೋ ಕಪ್ಪಾಗುತ್ತದೆ. ನೆಗೆಟಿವ್ ಫಿಲಂ ಹೇಗೋ ಸಹಿಸಿಕೊಳ್ಳುತ್ತದೆ, ಫಿಲಂ ಮೇಲೇ ನಿಜಬಣ್ಣದ ಚಿತ್ರ ಮೂಡುವ ಸ್ಲೈಡ್ ಫಿಲಂ ಸಹಿಸಲ್ಲ.

ಹಾಗಾದರೆ ಯಾವುದು ಮಾದರಿ? ನನ್ನ ಪ್ರಕಾರ 2001ರಲ್ಲಿ ನಿಕಾನ್ ತಂದ ಎಫ್‌ಎಂ3ಎ. ಆಟೋದಲ್ಲಿಟ್ಟರೆ ಶಟರ್ ಎಲೆಕ್ಟ್ರಾನಿಕ್, ವೇಗ ನೀವೇ ಇಟ್ಟರೆ 1/4000 ಸೆಕೆಂಡ್‌ವರೆಗೂ ಪೂರ್ತಿ ಮೆಕ್ಯಾನಿಕಲ್. ಸೆಲ್ ಖಾಲಿಯಾದರೆ ಮೀಟರ್ ಮತ್ತು ಆಟೋ ಅಷ್ಟೇ ಹೋಗುತ್ತವೆ. ಬೇಕಾದ ಸೆಲ್ ಮೂಲೆ ಅಂಗಡಿಯಲ್ಲೂ ಸಿಗುವ ಎಲ್‌ಆರ್44, ಎರಡು ಸಾಕು. ವ್ಯೂಫೈಂಡರಿನಲ್ಲಿ ಎಲ್‌ಸಿಡಿ ಬದಲು ಮುಳ್ಳು. ಎಲ್‌ಸಿಡಿ ವರ್ಷ ಕಳೆದಂತೆ ಮಂಕಾಗುತ್ತದೆ. ಅದನ್ನು ಎಲ್ಲಿಂದ ತರೋದು?

ನಾನು ಮಾಡಿಸುವುದಾದರೆ ಇದೇ ಶಟರ್ ಉಳಿಸಿಕೊಂಡು ಒಳಗಡೆ ಸ್ವಲ್ಪ ಬದಲಾಯಿಸುತ್ತೇನೆ. ಮೀಟರ್ ಬೋರ್ಡ್ ಬೇರೆಯಾಗಿರಲಿ, ಬೆಸುಗೆ ಬಿಡಿಸದೆ ಕನೆಕ್ಟರ್ ಕಿತ್ತು ಹೊಸದು ಹಾಕುವಂತಿರಲಿ. ಹಿಂದಿನ ಬಾಗಿಲಿನ ಅಂಚಿಗೆ ಫೋಮ್ ಬೇಡ, ಆಳವಾದ ಸಂದಿನಲ್ಲಿ ಕಪ್ಪು ಉಣ್ಣೆ ದಾರ ಸಾಕು. ಸ್ಕ್ರೂಗಳ ಪಕ್ಕದಲ್ಲಿ ಅಳತೆ ಬರೆದಿರಲಿ! ಜಪಾನಿ ಸ್ಕ್ರೂಗೆ ನಮ್ಮ ಮಾಮೂಲಿ ಸ್ಟಾರ್ ಡ್ರೈವರ್ ಹಾಕಿ ತಲೆ ಸವೆಸಿಕೊಂಡು ಬರುವ ಬಾಡಿಗಳಿಗೆ ಲೆಕ್ಕವಿಲ್ಲ. ರಿಪೇರಿ ಪುಸ್ತಕ ಡಬ್ಬಿಯಲ್ಲೇ ಸಿಗಲಿ, ಸ್ಪೇರ್ ಯಾರಿಗಾದರೂ ಮಾರಲಿ. ದುಡ್ಡು ಜಾಸ್ತಿ ಕೇಳುವುದಾದರೆ ಇದಕ್ಕೆ ಕೇಳಲಿ, ಟೈಟಾನಿಯಂಗೆ ಅಲ್ಲ. ಬಾಡಿ ಹೊಳೆಯುತ್ತಿರುತ್ತದೆ, ಒಳಗಿನ ಬಾಗುವ ಸರ್ಕ್ಯೂಟ್ ಬೋರ್ಡ್ ಸತ್ತಿರುತ್ತದೆ: 1990ರ ದಶಕದ ದುಬಾರಿ ಕಾಂಪ್ಯಾಕ್ಟ್ (ಪುಟ್ಟ) ಕ್ಯಾಮೆರಾಗಳ ಕತೆ ಇದೇ.

ಲೆನ್ಸ್ ಕೂರಿಸುವ ಮೌಂಟ್ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಬೇಡ. ನಿಕಾನ್ ಎಫ್ ಮೌಂಟ್ 1959ರಿಂದ ಇದೆ. ಬೀರುವಿನಲ್ಲಿ ಲೆನ್ಸ್ ಇರುವವರೇ ಇದನ್ನು ಕೊಳ್ಳುವವರು.

ಆಟೋಫೋಕಸ್ ಮಾತ್ರ ನಾನು ಒಪ್ಪಲ್ಲ. ಅದೇ ಬೇಕು ಅನ್ನುವವರಿಗೆ ನಿಕಾನ್ ಎಫ್6 ಇದೆ. 2004ರಲ್ಲಿ ಬಂದು 2020ರವರೆಗೂ ಮಾರಾಟದಲ್ಲಿತ್ತು, ಸೆಕೆಂಡ್‌ಹ್ಯಾಂಡ್ ಈಗಲೂ ಸಿಗುತ್ತದೆ. ಕೊಳ್ಳುವ ಮುಂಚೆ ಅದರ ಬೋರ್ಡ್ ಹೋದರೆ ಯಾರು ಕೊಡುತ್ತಾರೆ ಅಂತ ಒಂದು ಮಾತು ಕೇಳಿಕೊಳ್ಳಿ.