ಹುಣಸೆ ಬೀಜದ ಮೇಷ್ಟ್ರು, ಮಾಸ್ಕೋದ ಸೇತುನ್

ನಮ್ಮ ಶಾಲೆಯ ಗಣಿತದ ಮೇಷ್ಟ್ರು ತೀರಿಕೊಂಡರು ಅಂತ ಮೊನ್ನೆ ವಾಟ್ಸಾಪ್‌ನಲ್ಲಿ ಗೊತ್ತಾಯಿತು. ಅವರು ಮಾಡಿದ ಪಾಠ ಒಂದೂ ನೆನಪಿಲ್ಲ. ತಕ್ಕಡಿ ಮಾತ್ರ ಕಣ್ಣ ಮುಂದೆಯೇ ಇದೆ.

ಲ್ಯಾಬಿನ ತಕ್ಕಡಿ, ತೆಳು ಬಟ್ಟೆಯ ನಾಲ್ಕು ಚೀಲ. ಒಳಗೆ 1, 3, 9, 27 ಹುಣಸೆ ಬೀಜ. ಚೀಲವನ್ನು ಯಾವ ತಟ್ಟೆಗಾದರೂ ಹಾಕಬಹುದು. ಇಷ್ಟರಲ್ಲೇ 1ರಿಂದ 40 ಬೀಜದವರೆಗಿನ ತೂಕ ತೂಗಿ ತೋರಿಸುತ್ತಿದ್ದರು. ಈ ತಟ್ಟೆ, ಆ ತಟ್ಟೆ, ಇಲ್ಲವೇ ಹೊರಗೆ. "ಇದೇ ಲೆಕ್ಕದಲ್ಲಿ ಮಾಸ್ಕೋದಲ್ಲಿ ಒಬ್ಬರು ಕಂಪ್ಯೂಟರ್ ಕಟ್ಟಿದ್ದಾರೆ ಕಣ್ರೋ" ಅಂದರು. ಕಂಪ್ಯೂಟರನ್ನೇ ನೋಡದ ನಾವು ಬಾಯಿ ಬಿಟ್ಟುಕೊಂಡು ಕೇಳಿದೆವು.

ಒಂದು ದಿನ ದೊಡ್ಡ ಚೀಲದಿಂದ ಮೂರು ಬೀಜ ಕದ್ದು, ಹುರಿದು ತಿಂದೆವು. ಮರುದಿನ ಮೇಷ್ಟ್ರು 20 ಬೀಜ ಎಣಿಸಿ, ಅದರ ಜೊತೆ 9 ಮತ್ತು 1ರ ಚೀಲ ಇಟ್ಟರು. ಆ ಕಡೆ 27, 3. ತಟ್ಟೆ ವಾಲಿತು. ಮೇಲೆದ್ದ ತಟ್ಟೆಗೆ ಒಂದೊಂದೇ ಬೀಜ ಹಾಕಿದರು. ಮೂರನೆಯದಕ್ಕೆ ಸಮ ಆಯಿತು. "ಆ ಮೂರು ಯಾರ ಹೊಟ್ಟೆಯಲ್ಲಿವೆ?" ಅಂದರು. ಏಟು ಬೀಳಲಿಲ್ಲ. ಹೊಸ ಬೀಜ ತಂದು ಎಣಿಸಿ ತುಂಬಿಸಬೇಕಾಯಿತು, ಅಷ್ಟೆ.

ಕಂಪ್ಯೂಟರ್ ಕಟ್ಟಿದವರು ನಿಕೊಲಾಯ್ ಬ್ರುಸೆಂತ್ಸೋವ್. ಹುಟ್ಟಿದ್ದು 1925ರಲ್ಲಿ, ಉಕ್ರೇನಿನಲ್ಲಿ. ಯುದ್ಧದಲ್ಲಿ ರೇಡಿಯೊ ಕೆಲಸ ಮಾಡಿದವರು. ಗಣಿತಜ್ಞ ಸೊಬೊಲೆವ್ ಅವರ ಒತ್ತಾಸೆಯಿಂದ 1958ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಸೇತುನ್ ಎಂಬ ಆ ಕಂಪ್ಯೂಟರ್ ಸಿದ್ಧವಾಯಿತು. ಹೆಸರು ಹತ್ತಿರದ ಪುಟ್ಟ ನದಿಯದು. ಹೆಚ್ಚಿನವರು 0, 1 ಹಿಡಿದು ಹೊರಟಾಗ ಇವರು -1, 0, 1 ಹಿಡಿದರು. ನಮ್ಮ ಚೀಲದ ಹಾಗೆಯೇ: ತೂಗುವ ಬೀಜದ ಜೊತೆ ಇಟ್ಟರೆ -1, ಹೊರಗಿಟ್ಟರೆ 0, ಎದುರು ತಟ್ಟೆಗೆ ಹಾಕಿದರೆ 1. ಋಣ ಸಂಖ್ಯೆಗೆ ಬೇರೆ ಗುರುತೇ ಬೇಡ! ಕಜಾನ್ ನಗರದ ಕಾರ್ಖಾನೆಯಲ್ಲಿ ಸುಮಾರು 50 ಯಂತ್ರಗಳಾದವು. 1965ರಲ್ಲಿ ತಯಾರಿಕೆ ನಿಂತಿತು. ಅವರು ಬಿಡಲಿಲ್ಲ, 1970ರಲ್ಲಿ ಸೇತುನ್-70 ಕಟ್ಟಿದರು. ಆಮೇಲೆ ಕಂಪ್ಯೂಟರ್ ಮೂಲಕ ಕಲಿಸುವ 'ನಸ್ತಾವ್ನಿಕ್' ಎಂಬ ವ್ಯವಸ್ಥೆ ರೂಪಿಸಿದರು. ಆ ಪದಕ್ಕೆ ಗುರು ಅಂತಲೇ ಅರ್ಥ. 2014ರಲ್ಲಿ ತೀರಿಕೊಂಡರು. ಇದನ್ನೆಲ್ಲ ಓದಿದ್ದು ನಾನು ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ. ಹೊಸದಾಗಿ ಸೇರಿದವರಿಗೆ ಇವತ್ತಿಗೂ ನಾನು ಮೊದಲು ತಕ್ಕಡಿಯ ಚಿತ್ರ ಬಿಡಿಸಿ ತೋರಿಸುತ್ತೇನೆ. ಹಾಗೆ ಹೇಳಿಕೊಡುವವರು ನಮ್ಮ ಆಫೀಸಿನಲ್ಲಿ ನಾನೊಬ್ಬನೇ, ಅದು ನನಗೆ ಹೆಮ್ಮೆ.

ನನ್ನ ಮಗಳ ಕ್ಲಾಸಿನಲ್ಲಿ ಸ್ಮಾರ್ಟ್ ಬೋರ್ಡ್ ಇದೆ. ತಕ್ಕಡಿಯ ಚಿತ್ರವೂ ಬರುತ್ತದಂತೆ. ಆದರೆ ಬೀಜ ಕೈಗೆ ಸಿಗಬೇಕು ಅಲ್ವಾ? ಮೂರು ಕಡಿಮೆಯಾದರೆ ತಟ್ಟೆ ವಾಲುವುದನ್ನು ಮಕ್ಕಳು ಕಣ್ಣಾರೆ ನೋಡಬೇಕು.

ನಮ್ಮ ಶಾಲೆಯ ಲ್ಯಾಬಿನಲ್ಲಿ ಆ ತಕ್ಕಡಿ ಇನ್ನೂ ಇದ್ದರೆ ದಯವಿಟ್ಟು ತಿಳಿಸಿ. ಹೊಸ ಚೀಲಗಳನ್ನು ನಾನು ಹೊಲಿಸಿ ಕೊಡುತ್ತೇನೆ. ಈ ಸಲ ಐದು. ಐದನೆಯದರಲ್ಲಿ 81 ಬೀಜ.