ಸೊನ್ನೆ ಸಂಬಳ

ಜನವರಿ 17, 2019, ಗುರುವಾರ
ಮೇರಿಲ್ಯಾಂಡ್

ಪಕ್ಕದ ಮನೆಗೆ ಎಳ್ಳು ಬೀರೋಕೆ ಇವತ್ತು ಪುರಸೊತ್ತಾಯ್ತು. ಭಾನುವಾರದ ಹಿಮ ಮೆಟ್ಟಿಲ ಮೇಲೆ ಇನ್ನೂ ಗಟ್ಟಿಯಾಗಿ ಕೂತಿದೆ. ಅವರು ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಬ್ಯಾಗು ತಪಾಸಣೆ ಮಾಡುವವರು. ಬೆಳಗಿನ ಜಾವ ಮೂರಕ್ಕೆ ಅವರ ಕಾರು ಹೊರಡುವ ಸದ್ದು ನನಗೆ ನಿದ್ದೆಯಲ್ಲೂ ಗೊತ್ತಾಗುತ್ತೆ. ಬಜೆಟ್ ಪಾಸಾಗದೆ ಅಮೆರಿಕದ ಕೇಂದ್ರ ಸರ್ಕಾರ ಹಲವು ಇಲಾಖೆಗಳ ಬಾಗಿಲು ಹಾಕಿ ಇವತ್ತಿಗೆ 27 ದಿನ. ಅವರು ರಜಾ ಹಾಕಿಲ್ಲ.

ಡಬ್ಬಿ ಇಡೋಕೆ ಜಾಗ ಮಾಡುವಾಗ ಕಟ್ಟೆ ಮೇಲಿದ್ದ ಹಾಳೆಯನ್ನು ಅವರೇ ನನ್ನ ಕಡೆ ತಿರುಗಿಸಿದರು. ಕಳೆದ ಶುಕ್ರವಾರದ ಸಂಬಳದ ಚೀಟಿ. ಹೆಸರು, ತಾರೀಕು, ಕಡಿತಗಳ ಪಟ್ಟಿ ಎಲ್ಲ ಅಚ್ಚುಕಟ್ಟಾಗಿದೆ. ಕೈಗೆ ಬರುವ ಮೊತ್ತದ ಜಾಗದಲ್ಲಿ 0.00. ಅದರ ಕೆಳಗೆ ಪೆನ್ಸಿಲಿನಲ್ಲಿ ಮೂರು ಸಾಲು: ಬಾಡಿಗೆ, ಕಾರಿನ ಕಂತು, ಮಗನ ಇನ್‌ಹೇಲರ್. ಮೊದಲೆರಡಕ್ಕೆ ಗೀಟು ಹೊಡೆದಿದ್ದರು. "ಪೆಟ್ರೋಲಿಗೆ ದುಡ್ಡು ಇರೋವರೆಗೂ ಹೋಗ್ತೀನಿ" ಅಂದರು. ಮುಷ್ಕರ ಹೂಡುವ ಹಾಗಿಲ್ಲ. ಫೆಡರಲ್, ಅಂದರೆ ಕೇಂದ್ರ ಸರ್ಕಾರಿ, ನೌಕರರಿಗೆ ಕಾನೂನೇ ಬಿಡೋದಿಲ್ಲ.

ಕೊಬ್ಬರಿ ಚೂರು ಬಾಯಿಗೆ ಹಾಕಿಕೊಂಡು, ಇದನ್ನು ಯಾಕೆ ಹಂಚ್ತೀರಿ ಅಂತ ಕೇಳಿದರು. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ ಅಂತ. ಹೇಳೋಕೆ ನಾಲಿಗೆ ಏಳಲಿಲ್ಲ.

ಸಂಜೆ ಅಪ್ಪನ ಫೋನು. "ದುಡಿಸ್ಕೊಂಡು ಸಂಬಳ ಕೊಡಲ್ಲ ಅಂದ್ರೆ ಬಿಟ್ಟಿ ಚಾಕರಿ ತಾನೇ ಅದು? ಬಜೆಟ್ ಪಾಸಾಗ್ದಿದ್ರೆ ಸರ್ಕಾರ ಬೀಳಬೇಕಲ್ವೇನಮ್ಮ?" ನಮ್ಮಲ್ಲಿ ಬೀಳುತ್ತೆ. ಇಲ್ಲಿ ಅಧ್ಯಕ್ಷರ ಅವಧಿಗೆ ಏನೂ ಆಗಲ್ಲ, ಇಲ್ಲಿನ ಸಂಸತ್ತು ಕಾಂಗ್ರೆಸ್, ಅದರ ಸದಸ್ಯರ ಸಂಬಳವೂ ನಿಲ್ಲಲ್ಲ. ಮೆಕ್ಸಿಕೋ ಗಡಿ ಗೋಡೆಗೆ 570 ಕೋಟಿ ಡಾಲರ್ ಕೊಟ್ಟರೇ ಸೈ ಅನ್ನುವ ಟ್ರಂಪ್ ಹಟಕ್ಕೆ ಸಿಕ್ಕಿಕೊಂಡಿರೋದು ಸುಮಾರು 8 ಲಕ್ಷ ನೌಕರರು. ಬಾಕಿ ಸಂಬಳದ ಮಸೂದೆಗೆ ನಿನ್ನೆ ಸಹಿ ಬಿತ್ತು, ಆದರೆ ದುಡ್ಡು ಸಿಗೋದು ಬಾಗಿಲು ತೆರೆದ ಮೇಲೆ. ಆ ಕಚೇರಿಗಳನ್ನು ಗುಡಿಸಿ ಒರೆಸುವ ಗುತ್ತಿಗೆಯವರಿಗೆ ಅದೂ ಇಲ್ಲ. ಅವರ ಬಗ್ಗೆ ಮಾತು ಎತ್ತುವವರೇ ಕಡಿಮೆ.

ಟಿವಿ ಹಾಕಿದರೆ ಸೋಮವಾರದ ದೃಶ್ಯವೇ ಮತ್ತೆ. ಶ್ವೇತಭವನದ ಭೋಜನಶಾಲೆ, ಲಿಂಕನ್ ಚಿತ್ರ, ಮೇಣದ ಬತ್ತಿ, ಬೆಳ್ಳಿ ತಟ್ಟೆಗಳಲ್ಲಿ ರಾಶಿ ರಾಶಿ ಬರ್ಗರ್, ಮುಂದೆ ನಿಂತ ಅಧ್ಯಕ್ಷರು. ಗೆದ್ದು ಬಂದ ಕ್ಲೆಮ್ಸನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಹುಡುಗರಿಗೆ ಔತಣ. ಅಲ್ಲಿನ ಸಿಬ್ಬಂದಿಯಲ್ಲಿ ಹೆಚ್ಚಿನವರನ್ನು ಮನೆಗೆ ಕಳಿಸಿಯಾಗಿದೆ. ನಿನ್ನೆ ಕಾಂಗ್ರೆಸ್ಸಿನ ಕೆಳಮನೆಯ ಸ್ಪೀಕರ್ ಪೆಲೋಸಿ, ಅಧ್ಯಕ್ಷರ ವಾರ್ಷಿಕ ಭಾಷಣ ಮುಂದಕ್ಕೆ ಹಾಕಿ ಅಂತ ಪತ್ರ ಬರೆದರು. ಇವತ್ತು ಅವರು ಅಫ್ಘಾನಿಸ್ತಾನಕ್ಕೆ ಹೊರಟಿದ್ದ ವಿಮಾನವನ್ನು ಅಧ್ಯಕ್ಷರು ತಡೆದರು. ಚರ್ಚೆಯೆಲ್ಲ ಯಾರ ಏಟು ಜೋರು ಅನ್ನೋದೇ. ನನಗೆ ಹೊಟ್ಟೆ ಉರಿಯಿತು. ಆರಿಸಿಬಿಟ್ಟೆ.

ಇಷ್ಟು ಹೊತ್ತಾದರೂ ನಿದ್ದೆ ಹತ್ತುತ್ತಿಲ್ಲ. ಪಕ್ಕದ ಮನೆಯವರ ಮುಂದಿನ ಸಂಬಳ 25ಕ್ಕೆ. ಅದೂ ಬರದೇ ಹೋದರೆ ಆ ಮೂರನೇ ಸಾಲಿಗೂ...