ಇದರಾಗ ಹೊಟ್ಟಿ ತುಂಬತೈತೇನ್ರೀ?

ಮದುವಿ ಊಟಕ್ಕ ಕುಂತಾಗ ಬಾಜೂದವರು ಮೊದಲ ನನ್ನ ಎಡಗಿವಿ ನೋಡ್ತಾರ. ಅದು ಕರಚಿಕಾಯಿ ಹಂಗ ಮಡಚಿ ಗಟ್ಟಿ ಆಗಿ ಕುಂತೈತಿ. ಎರಡು ತುತ್ತು ಉಂಡು, ತಡಕೊಳ್ಳಾಕ ಆಗದ ಕೇಳ್ತಾರ, ಕಿವಿಗೆ ಏನಾತ್ರಿ ಅಂತ. ಫೈಟರ್ ಇದ್ದೆ ಅಂತೀನಿ. ಓ, ಟಿವಿಯಾಗ ಬರತೈತಲ್ಲ, ಕುರ್ಚಿ ತಗೊಂಡು ಹೊಡೀತಾರಲ್ಲ, ಅದಾ? ಅಲ್ಲ್ರಿ, ಅದು ಬಯಲಾಟ ಇದ್ದಂಗ, ಮೊದಲ ಕಥಿ ಬರದಿರ್ತಾರ, ಇದು ಖರೇ ಬಡಿದಾಟ, ಗುದ್ದು, ಒದಿಕಿ, ಕುಸ್ತಿ ಎಲ್ಲಾ ಕೂಡಿದ್ದು, ಎಂಎಂಎ (ಮಿಕ್ಸೆಡ್ ಮಾರ್ಷಲ್ ಆರ್ಟ್ಸ್) ಅಂತಾರ. ಹೌದಾ ಅಂತಾರ. ಇನ್ನೊಂದು ಹೋಳಿಗಿ ಹಾಕಿಸ್ಕೊಂಡು ಬರೂದ ಆ ಪ್ರಶ್ನೆ: ಅಲ್ಲ, ಇದರಾಗ ಹೊಟ್ಟಿ ತುಂಬತೈತೇನ್ರೀ?

ಹುಬ್ಬಳ್ಳಿಯ ಗೋಕುಲ ರೋಡ್ ಕಡೆ ಒಂದು ಟೈರ್ ಅಂಗಡಿ ಮ್ಯಾಲಿನ ಹಾಲ್ ಬಾಡಿಗಿ ಹಿಡದು ಕ್ಲಾಸ್ ಶುರು ಮಾಡಿದ ಮ್ಯಾಲಂತೂ ಇದನ್ನ ತಿಂಗಳಿಗೆ ನಾಲ್ಕೈದು ಸಲ ಕೇಳಾಕತ್ತೀನಿ. ಈಗ ಕೇಳೂದು ಅಪ್ಪಂದಿರು. ನಮ್ಮ ಹುಡುಗ ಮೊಬೈಲ್‌ನ್ಯಾಗ ಯುಎಫ್‌ಸಿ (ಎಂಎಂಎ ಫೈಟ್ ಇಡಸೂ ಅಮೆರಿಕಾದ ದೊಡ್ಡ ಕಂಪನಿ) ನೋಡಿ ನೋಡಿ ಇದರಾಗ ಕರಿಯರ್ ಮಾಡ್ತೀನಿ ಅಂತ ಗಂಟು ಬಿದ್ದಾನ್ರಿ, ಬಿಡ್ಲ್ಯೋ ಬ್ಯಾಡೋ? ಪ್ರತಿ ಸಲ ನಿಂತು ಹೇಳಾಕ ಆಗೂದಿಲ್ಲ, ಅದಕ್ಕ ಬರದ್ಬಿಡ್ತೀನಿ, ಮುಂದ ಯಾರ ಕೇಳಿದ್ರೂ ಇದನ್ನ ಕಳಿಸಿದ್ರಾತು.

ಹೊಟ್ಟಿ ತುಂಬತೈತಿ, ಕೆಲವರದು. ಆದ್ರ ತುಂಬಾಕ ಶುರು ಆಗೂತನಕ ಐದು ವರ್ಷ ಏಳು ವರ್ಷ ಅವ ಯಾರ ಅನ್ನ ಉಣ್ತಾನ? ಹುಡುಗನ ಪಂಚ್ ಎಷ್ಟು ಜೋರ್ ಐತಿ ಅನ್ನೂದು ಆಮೇಲಿನ ಮಾತು.

ನಮ್ಮ ಸೋದರಮಾವ ಪೈಲ್ವಾನ. ಅಣ್ಣಿಗೇರಿ ಕಡೆ ಹಳ್ಳಿ. ಅವ ಸಾಮು ಮಾಡೂ ಕಾಲಕ್ಕ ಅವನ್ನ ಸಾಕಿದ್ದು ನಮ್ಮ ಅಜ್ಜ ಒಬ್ಬನ ಅಲ್ಲ, ಊರು. ಗೌಡ್ರ ಮನಿಯಿಂದ ದಿನಾ ಹಾಲು, ಕಿರಾಣಿ ಅಂಗಡಿ ಶೆಟ್ಟರು ಬದಾಮಿ, ಜಾತ್ರಿ ಬಂತಂದ್ರ ಊರ ಮಂದಿ ಪಟ್ಟಿ ಹಾಕಿ ನಿಕಾಲಿ ಕುಸ್ತಿ (ಒಬ್ಬ ಸೋಲೂತನಕ ಆಡೂದು) ಇಡಸ್ತಿದ್ರು, ಗೆದ್ದವಗ ಬೆಳ್ಳಿ ಕಡಗ, ಹಲಗಿ ಬಾರಿಸ್ಕೋತ ಮೆರವಣಿಗಿ. ಈ ಪದ್ಧತಿ ಇವತ್ತಿಂದಲ್ಲ. ಕೊಲ್ಲಾಪುರದ ಶಾಹು ಮಹಾರಾಜರು ಪೈಲ್ವಾನರಿಗಂತನ 1912ರಾಗ ಖಾಸಬಾಗ್ ಮೈದಾನ ಕಟ್ಟಿಸಿದ್ರು, ನಮ್ಮ ಕಡೆ ಹುಡುಗ್ರು ಇವತ್ತಿಗೂ ತಾಲೀಮು ಮಾಡಾಕ ಕೊಲ್ಲಾಪುರಕ್ಕ ಹೋಗ್ತಾರ. ಮೈಸೂರಾಗ ದಸರಾ ಕುಸ್ತಿ ಐತಿ. ನಮ್ಮ ಧಾರವಾಡದಾಗ 2020ರ ಫೆಬ್ರುವರಿಯಾಗ ಸರ್ಕಾರ ಕುಸ್ತಿ ಹಬ್ಬ ಮಾಡ್ತು, ಮಾವ ಅವತ್ತು ಹೊಸ ರುಮಾಲು ಸುತಗೊಂಡು ಮುಂದಿನ ಸಾಲಿನ್ಯಾಗ ಕುಂತಿದ್ದ. ಕುಸ್ತಿ ಹಿಡದ ಹುಡುಗಗ ಸ್ಪೋರ್ಟ್ಸ್ ಹಾಸ್ಟೆಲ್ ಐತಿ, ರೈಲ್ವೆ, ಪೊಲೀಸ್ ಅಂತ ಕೋಟಾದಾಗ ನೌಕರಿ ಐತಿ. ಅಂದ್ರ ಯಾರೋ ಒಬ್ಬರು ಸಾಕೂವ್ರು ಇದ್ದಾರ. (ಇದನ್ನ ಹೊಗಳಿದ್ರ ನಮ್ಮವ್ವಗ ಸಿಟ್ಟು ಬರತೈತಿ. ಹಾಲೆಲ್ಲಾ ಅವನ ಕುಡದ, ನಾವು ಅಕ್ಕ ತಂಗಿ ನೀರು ಮಜ್ಜಿಗಿ ಉಂಡು ಬೆಳದ್ವಿ ಅಂತಾಳ. ಅದೂ ಖರೇನ.)

ನಾ ಮಾವನ ಗರಡಿಯಾಗ ಎಂಟು ವರ್ಷ ಮಣ್ಣು ತಿಂದು, 22ನೇ ವಯಸ್ಸಿಗೆ ಎಂಎಂಎ ಹುಚ್ಚು ಹಿಡದು ಮುಂಬಯಿ ರೈಲು ಹತ್ತಿದೆ. ಕುಸ್ತಿ ಬಂದವಗ ಎಂಎಂಎ ಸಲೀಸು ಅಂತ ಎಲ್ಲಾರೂ ಹೇಳಿದ್ರು, ಯುಎಫ್‌ಸಿ ಚಾಂಪಿಯನ್ ಆಗಿದ್ದ ರಷ್ಯಾದ ಖಬೀಬ್‌ನ ನೋಡು ಅಂದ್ರು, 29ಕ್ಕ 29 ಗೆದ್ದು 2020ರಾಗ ನಿವೃತ್ತಿ ಆದ, ಕುಸ್ತಿ ಮ್ಯಾಲನ ಗೆದ್ದ ಅಂದ್ರು. ಖರೇ ಐತಿ, ಆದ್ರ ಒಂದು ಮಾತು ಯಾರೂ ಹೇಳಲಿಲ್ಲ.

ಕುಸ್ತಿಯಾಗ ಬೆನ್ನು ಮಣ್ಣಿಗೆ ತಾಗಿದ್ರ ಮುಗೀತು, ಚಿತ್. ಅದಕ್ಕ ಸಣ್ಣವರಿದ್ದಾಗಿಂದ ನಮ್ಮ ಮೈಗೆ ಒಂದ ಚಾಳಿ, ಬಿದ್ವಿ ಅಂದ್ರ ತಕ್ಷಣ ಹೊರಳಿ ಬೋರಲ ಬೀಳೂದು, ಹೊಟ್ಟಿ ಕೆಳಗ ಬೆನ್ನು ಮ್ಯಾಲ. ಎಂಎಂಎದಾಗ ಅದಕ್ಕಿಂತ ದೊಡ್ಡ ತಪ್ಪು ಇಲ್ಲ. ಬೆನ್ನು ಕೊಟ್ರ ಎದುರಿನವ ಬೆನ್ನ ಮ್ಯಾಲೆ ಹತ್ತಿ ಎರಡೂ ಕಾಲು ಸೊಂಟದ ಮುಂದ ಸಿಕ್ಕಿಸಿ, ಕುತ್ತಿಗಿ ಸುತ್ತ ಕೈ ಹಾಕಿ ಬಿಗೀತಾನ. ಉಸಿರು ಕಟ್ಟೂಕಿಂತ ಮೊದಲ ಎರಡೂ ಬಾಜೂದ ರಕ್ತನಾಳ ಒತ್ತಿ ಮಿದುಳಿಗೆ ರಕ್ತ ನಿಲ್ಲತೈತಿ, ಸೋತೆ ಅಂತ ಕೈ ತಟ್ಟಿ ಟ್ಯಾಪ್ ಮಾಡಲಿಲ್ಲಂದ್ರ ಎಂಟತ್ತು ಸೆಕೆಂಡಿನ್ಯಾಗ ಎಚ್ಚರ ತಪ್ಪತೈತಿ. ಮೊದಲನೇ ದಿನ ಜಿಮ್‌ನ್ಯಾಗ ನನಗಿಂತ 15 ಕೆಜಿ ಸಣ್ಣವ, ಚಷ್ಮಾ ಹಾಕೂ ಹುಡುಗ, ಅರ್ಧ ತಾಸಿನ್ಯಾಗ ಆರು ಸಲ ನನ್ನ ಕುತ್ತಿಗಿ ಹಿಡದ. ಆರೂ ಸಲ ನಾನ ಹೊರಳಿ ಬೆನ್ನು ಕೊಟ್ಟಿದ್ದೆ. ತಲಿಗೆ ತಿಳೀತು, ಮೈಗೆ ತಿಳಿಯಾಕ ಎರಡು ವರ್ಷ ಹಿಡೀತು. ಬೆನ್ನ ಮ್ಯಾಲೆ ಬಿದ್ದು ಕೆಳಗಿಂದನ ಆಡೂದು ಕಲಿಯೂದಂದ್ರ, ಮಾವ ಒಂದು ಸಲ ವಿಡಿಯೋ ನೋಡಿ, ಏ ಇವ ಚಿತ್ ಆಗ್ಯಾನಲ್ಲೋ, ಇನ್ನೂ ಯಾಕ ಹೊಡದಾಡಾಕತ್ತಾನ ಅಂದಿದ್ದ.

ಹಿಂಗ ನೆಲದ ಮ್ಯಾಲೆ ಹಿಡಿತ ಹಾಕಿ ಗೆಲ್ಲೂದು ಹೊಸದಲ್ಲ. 1993ರ ನವೆಂಬರ್‌ನ್ಯಾಗ ಅಮೆರಿಕಾದ ಡೆನ್ವರ್‌ನ್ಯಾಗ ಮೊದಲನೇ ಯುಎಫ್‌ಸಿ ಆದಾಗ ರಾಯ್ಸ್ ಗ್ರೇಸಿ ಅನ್ನೂ ಬ್ರೆಜಿಲ್ ಹುಡುಗ, 80 ಕೆಜಿ ಸುತ್ತಮುತ್ತ ಇದ್ದವ, ಒಂದ ರಾತ್ರಿ ಮೂರು ಮಂದೀನ ಸೋಲ್ಸಿದ್ದು ಇದರ ಮ್ಯಾಲನ. ಅವಾಗ ತೂಕದ ಭೇದ ಇರಲಿಲ್ಲ, ರೂಲ್ಸೂ ಅಷ್ಟಕ್ಕಷ್ಟ. ಈಗ ಹಂಗಿಲ್ಲ: ಐದು ನಿಮಿಷದ ಮೂರು ರೌಂಡ್, ಚಾಂಪಿಯನ್‌ಶಿಪ್ ಇದ್ರ ಐದು, ಬೆರಳು ಬಿಟ್ಟ 4 ಔನ್ಸ್ ಗ್ಲೌಸ್, ಡಾಕ್ಟರ್, ರೆಫರಿ, ತೂಕಕ್ಕ ತಕ್ಕ ಜೋಡಿ.

ತೂಕ ಅಂದೆ. ಅದನ್ನ ಸ್ವಲ್ಪ ಹೇಳ್ಬೇಕು, ಯಾಕಂದ್ರ ಹುಡುಗ್ರು ಮೊಬೈಲ್‌ನ್ಯಾಗ ಅದನ್ನ ನೋಡಿರೂದಿಲ್ಲ. ನಾ ಆಡ್ತಿದ್ದದ್ದು ಲೈಟ್‌ವೇಟ್, 70.3 ಕೆಜಿ. ನನ್ನ ದಿನದ ತೂಕ 78. ಎರಡು ತಿಂಗಳು ರೊಟ್ಟಿ ಎಣಿಸಿ ತಿಂದು 74ಕ್ಕ ಇಳಸೂದು, ಉಳಿದ ನಾಲ್ಕು ಕೆಜಿ ಕೊನೀ ಎರಡು ದಿನದಾಗ ನೀರು ತಗದು. ಶುರೂಕ ದಿನಾ ಏಳೆಂಟು ಲೀಟರ್ ನೀರು ಕುಡದು, ಆಮೇಲೆ ಉಪ್ಪು ಬಂದ್, ಕಡೀಕ ನೀರೂ ಬಂದ್. ಮೊದಲನೇ ಫೈಟಿಗೆ ಲಾಡ್ಜಿನ ಬಚ್ಚಲದಾಗ ಗೀಸರ್ ಬಿಟ್ಟು ಹಬಿ ತುಂಬಿಸಿ, ಮೈಗೆ ಕಸದ ಪ್ಲಾಸ್ಟಿಕ್ ಚೀಲ ಸುತಗೊಂಡು, ಅದರ ಮ್ಯಾಲೆ ಸ್ವೆಟರ್ ಹಾಕ್ಕೊಂಡು ಬಸ್ಕಿ ಹೊಡದೆ. ಕಣ್ಣು ಮುಚ್ಚಿದ್ರ ದುರ್ಗದಬೈಲ್‌ನ್ಯಾಗ ಲಿಂಬು ಸೋಡಾ ಒಡಿಯೂ ಸಪ್ಪಳ ಕೇಳ್ತಿತ್ತು, ಸುಳ್ಳಲ್ಲ. ನನ್ನ ಜೋಡಿ ಕಾರ್ನರ್‌ಗೆ (ಫೈಟಿನ್ಯಾಗ ಬಾಜೂಕ ನಿಂತು ನೋಡ್ಕೊಳ್ಳಾಕ) ಬಂದಿದ್ದ ದೋಸ್ತ ಬಾಗಲಾ ಬಡದು, ಲೇ ಜೀವ ಐತೇನೋ ಅಂತ ಐದೈದು ನಿಮಿಷಕ್ಕ ಕೇಳ್ತಿದ್ದ. ಚಾಷ್ಟಿ ಅಲ್ಲ. 2015ರ ಡಿಸೆಂಬರ್‌ನ್ಯಾಗ ಚೀನಾದ ಯಾಂಗ್ ಜಿಯಾನ್ ಬಿಂಗ್ ಅನ್ನೂ ಫೈಟರ್ ಹಿಂಗ ತೂಕ ಇಳಸಾಕ ಹೋಗಿ ಸತ್ತ, ಫೈಟಿಗೆ ಮೊದಲನ, ಆ ಫೈಟ್ ಇಟ್ಟಿದ್ದ ಒನ್ ಚಾಂಪಿಯನ್‌ಶಿಪ್‌ನವರು ಆಮೇಲೆ ಮೈಯಾಗ ನೀರೆಷ್ಟು ಐತಿ ಅಂತ ಟೆಸ್ಟ್ ಮಾಡೂ ರೂಲ್ ತಂದ್ರು. ನಾ ನನ್ನ ಹುಡುಗ್ರಿಗೆ ಎರಡು ಕೆಜಿಗಿಂತ ಜಾಸ್ತಿ ನೀರು ತಗಿಯಾಕ ಬಿಡೂದಿಲ್ಲ. ಸೋತ್ರ ಸೋಲ್ರಿ.

ಇನ್ನ ರೊಕ್ಕ. ಆ ಮೊದಲನೇ ಪ್ರೊ (ರೊಕ್ಕ ತಗೊಂಡು ಆಡೂ) ಫೈಟಿನ ಲೆಕ್ಕ ನನ್ನ ಡೈರಿಯಾಗ ಇನ್ನೂ ಐತಿ. ಕೊಟ್ಟಿದ್ದು 15,000. ಎಚ್‌ಐವಿ, ಹೆಪಟೈಟಿಸ್, ಕಣ್ಣು ಅಂತ ಟೆಸ್ಟಿಗೆ 4,200. ನನಗೂ ದೋಸ್ತಗೂ ಹೋಗಿ ಬರೂ ರೈಲು 3,600. ಹಲ್ಲಿನ ಗಾರ್ಡು, ಕೆಳಗಿನ ಗಾರ್ಡು 1,900. ದೋಸ್ತಗ ಎರಡು ದಿನ ಬ್ಯಾರೆ ರೂಮು 2,400, ಯಾಕಂದ್ರ ಒಬ್ಬಗ ಅಷ್ಟ ರೂಮ್ ಅಂದ್ರು. ಗೆದ್ದೆ, ಎರಡನೇ ರೌಂಡಿನ್ಯಾಗ, ಆದ್ರ ಹುಬ್ಬು ಒಡದಿತ್ತು, ಹೊಲಿಗಿಗೆ 2,500. ಉಳಿದದ್ದು 400 ರೂಪಾಯಿ. ಹುಬ್ಬಳ್ಳಿ ಸ್ಟೇಷನ್ ಇಳದು ಇಬ್ಬರೂ ಗಿರಮಿಟ್ ಮಿರ್ಚಿ ತಿಂದು ಚಹಾ ಕುಡದು ಆಟೋ ಹತ್ತಿದಾಗ ಅದೂ ಅರ್ಧ ಆಗಿತ್ತು. ಎಂಟು ವಾರದ ಖುರಾಕು ಲೆಕ್ಕದಾಗ ಹಿಡದಿಲ್ಲ, ಅದು ಅವ್ವನ ಖಾತೆ.

ಹೌದಪ್ಪ, ನೀ ಸಣ್ಣ ಫೈಟರ್, ದೊಡ್ಡವರದು ಬ್ಯಾರೆ ಅಂತೀರಿ. ನೋಡೂಣು. ನಮ್ಮ ದೇಶದಿಂದ ಯುಎಫ್‌ಸಿ ಕೇಜ್ (ಫೈಟ್ ಆಡೂ ಜಾಲರಿ ಪಂಜರ) ಹತ್ತಿದವರು ಬೆರಳೆಣಿಕಿ. 2017ರಾಗ ಭರತ್ ಕಂದಾರೆ, ಕುಸ್ತಿಯಿಂದ ಬಂದವ, ಶಾಂಘೈದಾಗ ಮೊದಲನೇ ರೌಂಡಿನ್ಯಾಗ ಸೋತ. ಪೂಜಾ ತೋಮರ್, ಮುಜಫ್ಫರ್‌ನಗರ ಕಡೆ ಹಳ್ಳಿ ಹುಡುಗಿ, ವುಶು ಅನ್ನೂ ಚೀನಾದ ಕಾಳಗದ ಆಟ ಆಡಿ ಬಂದಾಕಿ, 2024ರ ಜೂನ್‌ನ್ಯಾಗ ಗೆದ್ಲು. ನನಗ ಜಾಸ್ತಿ ಕಾಡೂದು ಅಂಶುಲ್ ಜುಬ್ಲಿ. ಉತ್ತರಾಖಂಡದ ಹುಡುಗ, ರೋಡ್ ಟು ಯುಎಫ್‌ಸಿ ಟೂರ್ನಮೆಂಟ್ ಆಡಿ 2023ರ ಫೆಬ್ರುವರಿಯಾಗ ಫೈನಲ್ ಗೆದ್ದು ಕರಾರು ತಗೊಂಡ. ಅದೇ ವರ್ಷ ಅಕ್ಟೋಬರ್‌ನ್ಯಾಗ ಅಬುಧಾಬಿಯಾಗ ನಾಕೌಟ್ ಆಗಿ ಸೋತ. ಆಮೇಲಿನ ಫೈಟು 2025ರ ಫೆಬ್ರುವರಿ, ಸಿಡ್ನಿ. 19 ಸೆಕೆಂಡಿನ್ಯಾಗ ಮುಗೀತು. ನಮ್ಮ ಹುಡುಗ್ರು ಕ್ಲಿಪ್ ಕಳಿಸಿ ನಗೂ ಇಮೋಜಿ ಹಾಕಿದ್ರು, ನಾ ಗ್ರೂಪಿನ್ಯಾಗ ಅವರ್ನ ಬೈದೆ. 19 ಸೆಕೆಂಡ್ ನೋಡ್ತೀರಿ, ಅದರ ಹಿಂದಿನ ಹದಿನಾರು ತಿಂಗಳು ನೋಡೂದಿಲ್ಲ, ಅಷ್ಟೂ ದಿನ ಮುಂಜಾನೆ ಎದ್ದು ಓಡಿದ್ದು, ತತ್ತಿ ಎಣಿಸಿ ತಿಂದಿದ್ದು, ಸ್ಪಾರಿಂಗ್‌ನ್ಯಾಗ (ಅಭ್ಯಾಸದ ಬಡಿದಾಟದಾಗ) ಹೊಡ್ತ ತಿಂದಿದ್ದು. ಫೈಟರ್‌ಗೆ ತಿಂಗಳ ಪಗಾರ ಇರೂದಿಲ್ಲ. ಕೇಜ್ ಹತ್ತಿದ ದಿನ ಅಷ್ಟ ರೊಕ್ಕ.

ಅದೂ ಎಷ್ಟು? ಯುಎಫ್‌ಸಿಗೆ ಹೊಸದಾಗಿ ಬಂದವರಿಗೆ ಬಂದು ಆಡಿದ್ದಕ್ಕ 10-12 ಸಾವಿರ ಡಾಲರ್, ಗೆದ್ರ ಮತ್ತ ಅಷ್ಟ, ಬಹಳ ವರ್ಷದಿಂದ ಇದ ಲೆಕ್ಕ ನಡದು ಬಂದೈತಿ. ನಮ್ಮ ರೊಕ್ಕದಾಗ 10 ಲಕ್ಷ ಅಂದ್ರ ಬಾಯಿ ತಗೀತಾರ. ಅಮೆರಿಕಾದಾಗ ಆಡಿದ್ರ ಹೊರ ದೇಶದವರಿಗೆ 30 ಪರ್ಸೆಂಟ್ ಟ್ಯಾಕ್ಸ್ ಅಲ್ಲೇ ಕಟ್. ಮ್ಯಾನೇಜರ್ ಪಾಲು, ಕೋಚ್ ಪಾಲು. ಉಳಿದದ್ದರಾಗ ಥಾಯ್ಲೆಂಡೋ ಬಾಲಿನೋ ಹೋಗಿ ಎರಡು ತಿಂಗಳು ಕ್ಯಾಂಪ್ ಮಾಡಿದ ಖರ್ಚು. ವರ್ಷಕ್ಕ ಎರಡು ಫೈಟ್ ಸಿಕ್ರ ಪುಣ್ಯಾ. ಅಲ್ಲಿಯ ಫೈಟರ್‌ಗಳೂ ಇದರ ಮ್ಯಾಲೆ ಕೋರ್ಟಿಗೆ ಹೋಗಿದ್ರು, ಕಂಪನಿ ಗಳಸೂದರಾಗ ಐದನೇ ಒಂದು ಪಾಲೂ ನಮಗ ಬರೂದಿಲ್ಲ ಅಂತ, ಕಡೀಕ 37.5 ಕೋಟಿ ಡಾಲರ್‌ಗೆ ರಾಜಿ ಆಗಿ 2025ರಾಗ ಕೋರ್ಟು ಒಪ್ಪಿಗಿ ಕೊಟ್ತು.

ನಾ ಪ್ರೊ ಆಗಿ ಆಡಿದ್ದು ಐದು. ಮೂರು ಗೆದ್ದೆ ಎರಡು ಸೋತೆ. ಐದನೇದರಾಗ ಎಡಗಡೆಯಿಂದ ಒಂದು ಒದಿಕಿ ಬಂತಂತ, ನನಗ ಕಾಣಲಿಲ್ಲ. ಆಮೇಲೆ ಡ್ರೆಸ್ಸಿಂಗ್ ರೂಮಿನ್ಯಾಗ ದೋಸ್ತನ್ನ, ನಮ್ಮ ಫೈಟ್ ಯಾವಾಗೋ ಅಂತ ನಾಲ್ಕು ಸಲ ಕೇಳೀನಿ. ನಾಲ್ಕೂ ಸಲ ಅವ ಮುಗೀತಲೇ ಅಂದಾನ. ಅಮೆರಿಕಾದಾಗ ನಾಕೌಟ್ ಆದವಗ ಇಂತಿಷ್ಟು ದಿನ ಆಡಬಾರದು ಅಂತ ಅಲ್ಲಿಯ ರಾಜ್ಯದ ಕಮಿಷನ್ ಆರ್ಡರ್ ಹೊರಡಸತೈತಿ. ನನಗ ಸಂಘಟಕರು ಏನೂ ಹೇಳಲಿಲ್ಲ, ಎಂಟು ದಿನಕ್ಕ ಫೋನ್ ಮಾಡಿ ಮುಂದಿನ ತಿಂಗಳು ಒಂದು ಐತಿ, ಆಡ್ತಿಯೇನು ಅಂದ್ರು. ಅವತ್ತು ತಂಗಿ ಮಗಳ ಹೆಸರು ಬಾಯಿಗೆ ಬರಾಕ ಸ್ವಲ್ಪ ಹೊತ್ತು ಹಿಡದಿತ್ತು, ನಾಲ್ಕು ವರ್ಷದ ಕೂಸು ಎದುರಿಗೆ ನಿಂತು ನಗಾಕತ್ತಿತ್ತು. ಒಲ್ಲೆ ಅಂದೆ. ಅಲ್ಲಿಗೆ ಫೈಟರ್ ಕರಿಯರ್ ಬಂದ್.

ಈಗ ಹೊಟ್ಟಿ ತುಂಬಾಕತ್ತೈತಿ ನೋಡ್ರಿ, ಆದ್ರ ಕಲಸೂದರಿಂದ. 40 ಮಂದಿ ಬರ್ತಾರ. ಅದರಾಗ ಫೈಟ್ ಮಾಡ್ತೀನಿ ಅನ್ನೂವ್ರು ಆರು. ಉಳಿದವರು ತೂಕ ಇಳಸಾಕ ಬರೂ ಬ್ಯಾಂಕಿನವರು, ಕಾಲೇಜ್ ಹುಡುಗೇರು, ಪೊಲೀಸ್ ಭರ್ತಿಗೆ ತಯಾರಿ ಮಾಡೂವ್ರು, ವಿದ್ಯಾನಗರದಿಂದ ಬರೂ ಒಬ್ಬರು ಡಾಕ್ಟರ್ ಅಕ್ಕಾರು, ಅವರ ಒದಿಕಿ ಮಾತ್ರ ಎಲ್ಲಾರಗಿಂತ ಖಡಕ್. ಹಾಲಿನ ಬಾಡಿಗಿ ಕಟ್ಟೂದು ಇವರು, ಆರು ಮಂದಿ ಫೈಟರ್‌ಗಳ ಫೀಸ್ ನಾ ತಗೊಳ್ಳೂದಿಲ್ಲ. ಊರ ಪಟ್ಟಿ ಅಂದ್ನಲ್ಲ, ಹೆಚ್ಚು ಕಮ್ಮಿ ಅದ.

ಹೋದ ತಿಂಗಳು ಕುಂದಗೋಳ ಕಡೆಯಿಂದ ಒಬ್ಬರು ರೈತರು ಮಗನ್ನ ಕರಕೊಂಡು ಬಂದಿದ್ರು. ಹುಡುಗ 17, ಪಿಯುಸಿ, ಜಿಲ್ಲಾ ಮಟ್ಟಕ್ಕ ಕುಸ್ತಿ ಆಡ್ಯಾನ. ಇಷ್ಟೆಲ್ಲಾ ಅವರಿಗೂ ಹೇಳಿದೆ. ಕುಸ್ತಿ ಬಿಡಸಬ್ಯಾಡ್ರಿ, ಅದರ ಸರ್ಟಿಫಿಕೇಟಿಗೆ ನೌಕರಿ ಐತಿ, ಇದಕ್ಕ ಸದ್ಯಕ್ಕ ಹಂಗ ಏನೂ ಇಲ್ಲ, 2026ರ ಏಷ್ಯನ್ ಗೇಮ್ಸ್‌ನ್ಯಾಗ ಎಂಎಂಎ ಸೇರ್ಸ್ಯಾರ, ಮುಂದ ಬದಲಾದ್ರ ಛಲೋ, ಆದ್ರ ಅದನ್ನ ನಂಬಿ ಕುಂದರಬ್ಯಾಡ್ರಿ, ಡಿಗ್ರಿ ಮುಗೀಲಿ, 21ರ ತನಕ ಪ್ರೊ ಫೈಟಿನ ಮಾತ ಬ್ಯಾಡ, ತಲಿಗೆ ಹೊಡ್ತ ಬೀಳೂ ಸ್ಪಾರಿಂಗ್ ವಾರಕ್ಕ ಒಂದ ಸಲ, ಅದೂ ಹೆಲ್ಮೆಟ್ ಹಾಕಿ ಹಗೂರಕ. ಹುಡುಗನ ಮಾರಿ ಸಣ್ಣ ಆತು. ಅಪ್ಪಾರು ಸುಮ್ಮನ ಕೇಳಿದ್ರು. ಗ್ವಾಡಿಗೆ ತೂಗಹಾಕಿದ್ದ ಪಂಚಿಂಗ್ ಬ್ಯಾಗ್ ಒಂದು ಸಲ ಕೈಲೆ ಒತ್ತಿ ನೋಡಿದ್ರು, ಜೋಳದ ಚೀಲ ಗಟ್ಟಿ ಐತೋ ಇಲ್ಲೋ ನೋಡಿದಂಗ. ಆಮೇಲೆ ಕೇಳಿದ್ರು:

"ಅವಗ ದಿನಾ ಹಾಲೆಷ್ಟು ಬೇಕಾಗತೈತ್ರಿ ಸರ?"

"ಎರಡು ಲೀಟರ್ ಇದ್ರ ಛಲೋ ಕಾಕಾರ."

"ಎಮ್ಮಿ ಮನ್ಯಾಗ ಐತ್ರಿ. ಆದ್ರ ಹುಡುಗನ ತಂಗೀನೂ ಬೆಳಿಯಾಕಿ."

ಒಂದೂವರಿ ಸಾಕು ಅಂದೆ. ಶನಿವಾರ ಮುಂಜಾನೆ ಆರಕ್ಕ ಕಳಸ್ರಿ.